ಮಿನಿಯಾಪೋಲಿಸ್‌ನಲ್ಲಿ ಬೆತ್ತದ ಕತ್ತಿ ಕಾಳಗ

ಮಿನಿಯಾಪೋಲಿಸ್, ಸೇಂಟ್ ಪಾಲ್ ಕಡೆ ಇರೋರು ಒಂದ್ಸಲ ನಾರ್ಡ್‌ಸ್ಕೋಗನ್ ಬ್ಯಾರನಿಯವ್ರ ಫೈಟರ್ ಪ್ರಾಕ್ಟೀಸ್ ನೋಡ್ಕೊಂಡ್ ಬನ್ನಿ. ಎಸ್‌ಸಿಎ (ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ) ಅಂತ 1966ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಲಿ ಶುರುವಾದ, ಹಳೇ ಕಾಲದ ಬದುಕು, ಕಾಳಗ ಎಲ್ಲಾ ಮತ್ತೆ ಮಾಡಿ ನೋಡೋರ ಸಂಸ್ಥೆ, ಅದ್ರ ಲೋಕಲ್ ಬ್ರಾಂಚು ಇದು, ಮಿನ್ನೆಸೋಟ, ವಿಸ್ಕಾನ್ಸಿನ್, ಎರಡೂ ಡಕೋಟ, ಕೆನಡಾದ ಮ್ಯಾನಿಟೋಬ ಎಲ್ಲಾ ಸೇರಿ ಇವ್ರ ಲೆಕ್ಕದಲ್ಲಿ ನಾರ್ತ್‌ಶೀಲ್ಡ್ ಅನ್ನೋ 'ರಾಜ್ಯ', ಓಟು ಗೀಟು ಏನಿಲ್ಲ, ಟೂರ್ನಮೆಂಟಲ್ಲಿ ಕಾದಾಡಿ ಗೆದ್ದೋರೇ ಪಟ್ಟ ಏರೋದು, ಅದೂ ಕೆಲವೇ ತಿಂಗ್ಳಿಗೆ!

ಕತ್ತಿ ಬೆತ್ತದ್ದು, ಮೇಲೆ ಟೇಪ್ ಸುತ್ತಿರ್ತಾರೆ, ಆದ್ರೆ ಏಟು ನಿಜವಾದ್ದೇ ಮಾರಾಯ್ರೆ, ಹೆಲ್ಮೆಟ್ ಮೇಲೆ ಬಿದ್ರೆ ಠಣ್ ಅಂತ ಆಚೆ ನಿಂತೋರ್ಗೂ ಕೇಳ್ಸತ್ತೆ. ನಂಗೆ ತುಂಬಾ ಹಿಡ್ಸಿದ್ದು ಅಂದ್ರೆ ಏಟು ಸರಿಯಾಗ್ ಬಿತ್ತಾ ಇಲ್ವಾ ಅಂತ ಹೇಳೋದು ಏಟು ತಿಂದೋರೇ, ಅಂಪೈರ್ ಅಲ್ಲ. ನಮ್ ಗಲ್ಲಿ ಕ್ರಿಕೆಟ್ಟಲ್ಲಿ ಈ ರೂಲ್ ಇದ್ದಿದ್ರೆ ಒಬ್ನೂ ಔಟಾಗ್ತಿರ್ಲಿಲ್ಲ.

ಇವೆಂಟಿಗೆ ಹಳೇ ಕಾಲದ ಡ್ರೆಸ್ ಬೇಕೇ ಬೇಕು, ಹೊಸಬ್ರು ಮುಂಚೆನೇ ಕೇಳಿದ್ರೆ ಸಾಮಾನ್ಯವಾಗಿ ಎರವಲು ಸಿಗತ್ತೆ. 17ನೇ ಶತಮಾನಕ್ಕಿಂತ ಹಿಂದಿನೋರ್ ಥರ ಇದ್ರೆ ಸಾಕು, ವಿಜಯನಗರದ ಸೈನಿಕನಾಗ್ ಹೋದ್ರೂ ನಡೆಯತ್ತೆ, ಆದ್ರೆ ಇಲ್ಲಿನ ಜನವರಿ ಚಳಿಗೆ ಕಚ್ಚೆಪಂಚೆ ಬೇಡ. ಸ್ವಂತ ಕವಚ ಮಾಡಿಸ್ಕೊಳಕ್ಕೆ ಹೋದ್ರೆ ಜೇಬಿಗೆ ಕತ್ರಿ, ಅದಕ್ಕೇ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು.