ಡಾಲ್ಫಿನ್: ಯಾವ ಕಡತ ಯಾವುದರಲ್ಲಿ ತೆರೆಯಬೇಕೆಂದು ನಾವೇ ಹೇಳುವ ಅನುಕೂಲ

ಪುಸ್ತಕಗಳ ಅಕ್ಷರ ಜೋಡಣೆ ಮತ್ತು ಪುಟವಿನ್ಯಾಸ ನನ್ನ ವೃತ್ತಿ. ಲೇಖಕರು ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಹಸ್ತಪ್ರತಿಯಲ್ಲಿ ನುಡಿ ಫಾಂಟಿನ ಹಳೆಯ ಪಠ್ಯ, ಯೂನಿಕೋಡ್ ಪಠ್ಯ, ಪಿಡಿಎಫ್, ಸ್ಕ್ಯಾನ್ ಮಾಡಿದ ಫೋಟೊ ಎಲ್ಲವೂ ಒಂದೇ ಫೋಲ್ಡರಿನಲ್ಲಿ ಬೆರೆತಿರುತ್ತವೆ. ಒಂದೊಂದು ಕಡತದ ಮೇಲೂ ಬಲ ಗುಂಡಿ ಒತ್ತಿ, ತಂತ್ರಾಂಶವನ್ನು ಆರಿಸಿ ತೆರೆಯುವುದು ಒಂದೆರಡು ಸಲಕ್ಕೆ ಸರಿಯೇ ಹೊರತು ನಾನೂರು ಪುಟದ ಪುಸ್ತಕದ ಕೆಲಸಕ್ಕೆ ಒಗ್ಗುವುದಿಲ್ಲ. ಹಾಗಾಗಿ ಲಿನಕ್ಸ್‌ನಲ್ಲಿ ಬಳಸುವ ಕೆಡಿಇ ಎಂಬ ಡೆಸ್ಕ್‌ಟಾಪ್ ಬಳಗದ ಡಾಲ್ಫಿನ್ ಎಂಬ ಕಡತ ನಿರ್ವಾಹಕವನ್ನು, ಮುಖ್ಯವಾಗಿ ಅದರಲ್ಲಿ ಕಡತದ ಬಗೆಗೆ ತಕ್ಕಂತೆ ಕಮಾಂಡ್ (ತಂತ್ರಾಂಶವನ್ನು ಓಡಿಸುವ ಆದೇಶ) ಕಟ್ಟಿಕೊಳ್ಳುವ ವ್ಯವಸ್ಥೆಯನ್ನು, ಬಹುಕಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. 2008ರಲ್ಲಿ ಬಂದ ಕೆಡಿಇ 4ರಿಂದ ಈಚೆಗೆ ಆ ಡೆಸ್ಕ್‌ಟಾಪಿನೊಂದಿಗೆ ಬರುವುದು ಡಾಲ್ಫಿನ್ನೇ. ಇದು ಉಚಿತ, ಮುಕ್ತ ತಂತ್ರಾಂಶ.

ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿರುವ ‘ಫೈಲ್ ಅಸೋಸಿಯೇಷನ್ಸ್’ ಪುಟದಲ್ಲಿ ಕಡತಗಳ ಬಗೆಗಳು ಗುಂಪುಗುಂಪಾಗಿ ಕಾಣುತ್ತವೆ. ಒಂದು ಬಗೆಯನ್ನು ಆರಿಸಿಕೊಂಡರೆ ಅದನ್ನು ತೆರೆಯಬಲ್ಲ ತಂತ್ರಾಂಶಗಳ ಪಟ್ಟಿ ಬರುತ್ತದೆ. ಮೇಲಿರುವುದಕ್ಕೆ ಮೊದಲ ಮಣೆ. ಪಿಡಿಎಫ್‌ಗೆ ಒಕ್ಯುಲರ್ ಮೇಲೆ, ಚಿತ್ರಕ್ಕೆ ಗ್ವೆನ್‌ವ್ಯೂ ಮೇಲೆ ಎಂದು ಸರಿಸಿಟ್ಟರೆ ಸಾಮಾನ್ಯ ಬಳಕೆದಾರರ ಕೆಲಸ ಅಲ್ಲಿಗೆ ಮುಗಿಯಿತು. ಪಟ್ಟಿಯಲ್ಲಿ ಇಲ್ಲದ್ದನ್ನು ನಾವೇ ಸೇರಿಸಬೇಕಾದಾಗ ಮಾತ್ರ ಈ ವ್ಯವಸ್ಥೆಯ ನಿಜವಾದ ಬಲ ತಿಳಿಯುತ್ತದೆ.

ಪ್ರತಿ ತಂತ್ರಾಂಶದ ಹಿಂದೆಯೂ ‘ಡೆಸ್ಕ್‌ಟಾಪ್’ ಎಂಬ ಎಕ್ಸ್‌ಟೆನ್ಶನ್ ಇರುವ ಒಂದು ಪುಟ್ಟ ಪಠ್ಯ ಕಡತವಿರುತ್ತದೆ. ಅದರ ‘ಎಕ್ಸೆಕ್’ ಎಂಬ ಸಾಲಿನಲ್ಲಿ ಕಮಾಂಡ್ ಬರೆದು, ಕಡತದ ಹೆಸರು ಬಂದು ಕೂರಬೇಕಾದ ಜಾಗದಲ್ಲಿ ಶೇಕಡಾ ಚಿಹ್ನೆಯ ಜೊತೆ ಒಂದು ಅಕ್ಷರ ಹಾಕಬೇಕು. ಸಣ್ಣ ‘ಎಫ್’ ಎಂದರೆ ಒಂದು ಕಡತ, ದೊಡ್ಡ ‘ಎಫ್’ ಎಂದರೆ ಆರಿಸಿದ ಎಲ್ಲ ಕಡತಗಳು. ಈ ಒಂದಕ್ಷರದ ಅಂತರವನ್ನು ಕಡೆಗಣಿಸುವಂತಿಲ್ಲ: ಹತ್ತು ಫೋಟೊಗಳನ್ನು ಒಟ್ಟಿಗೆ ಆರಿಸಿ ತೆರೆದಾಗ, ಸಣ್ಣ ‘ಎಫ್’ ಇದ್ದರೆ ಕಮಾಂಡ್ ಹತ್ತು ಸಲ ಓಡುತ್ತದೆ, ದೊಡ್ಡದಿದ್ದರೆ ಒಂದೇ ಸಲ ಓಡಿ ಹತ್ತನ್ನೂ ಒಟ್ಟಿಗೆ ಪಡೆಯುತ್ತದೆ. ‘ಯು’ ಅಕ್ಷರಕ್ಕೂ ಇದೇ ರೀತಿ ಎರಡು ರೂಪಗಳಿದ್ದು, ಅದು ಕಡತವನ್ನು ವಿಳಾಸದ ರೂಪದಲ್ಲಿ ಕೊಡುತ್ತದೆ. ಬೇರೊಂದು ಕಂಪ್ಯೂಟರಿನಲ್ಲಿರುವ ಕಡತವನ್ನು ಜಾಲದ ಮೂಲಕವೇ ಓದಬಲ್ಲ ತಂತ್ರಾಂಶಗಳಿಗೆ ಅದು ಸೂಕ್ತ.

ವಿಂಡೋಸ್‌ನಿಂದ ಬಂದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಲ್ಲಿ ಹೆಸರಿನ ನಡುವೆ ಖಾಲಿ ಜಾಗವಿರುವ ಕಡತಗಳಿಗಾಗಿ ‘%1’ ಎಂಬುದರ ಸುತ್ತ ಉದ್ಧರಣ ಚಿಹ್ನೆ ಹಾಕುವುದು ರೂಢಿ. ಇಲ್ಲಿ ಹಾಗೆ ಹಾಕಕೂಡದೆಂದು, ಲಿನಕ್ಸ್ ಡೆಸ್ಕ್‌ಟಾಪ್‌ಗಳು ಸಾಮಾನ್ಯವಾಗಿ ಅನುಸರಿಸುವ ಫ್ರೀಡೆಸ್ಕ್‌ಟಾಪ್ ನಿಯಮಾವಳಿಯೇ ಹೇಳುತ್ತದೆ, ಏಕೆಂದರೆ ಖಾಲಿ ಜಾಗವಿದ್ದರೂ ಹೆಸರು ಇಡಿಯಾಗಿ ಒಂದೇ ಘಟಕವಾಗಿ ಹೋಗುತ್ತದೆ. ಆದರೆ ಕಮಾಂಡ್ ನಮ್ಮದೇ ಸ್ಕ್ರಿಪ್ಟ್ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತ) ಆಗಿದ್ದರೆ ಅದರ ಒಳಗೆ ಚಿಹ್ನೆ ಹಾಕಲೇಬೇಕು. ನಾನು ಎಡವಿದ್ದು ಅಲ್ಲಿಯೇ. ‘ಮುನ್ನುಡಿ ತಿದ್ದಿದ್ದು’ ಎಂಬ ಕಡತ ನನ್ನ ಸ್ಕ್ರಿಪ್ಟಿನೊಳಗೆ ‘ಮುನ್ನುಡಿ’ ಮತ್ತು ‘ತಿದ್ದಿದ್ದು’ ಎಂದು ಎರಡಾಗಿ ಒಡೆದು, ಎರಡೂ ಸಿಗದೆ, ಪರದೆಯ ಮೇಲೆ ಏನೂ ಕಾಣಿಸಲಿಲ್ಲ. ಅರ್ಧ ದಿನ ಹುಡುಕಿದ ಮೇಲೆ ದಾರಿ ಸಿಕ್ಕಿತು: ‘ಓಪನ್ ವಿತ್’ ಕಿಟಕಿಯಲ್ಲಿ ಟರ್ಮಿನಲ್‌ನಲ್ಲಿ (ಆದೇಶಗಳನ್ನು ಟೈಪ್ ಮಾಡಿ ಓಡಿಸುವ ಕಿಟಕಿ) ಓಡಿಸು, ಕಮಾಂಡ್ ಮುಗಿದರೂ ಮುಚ್ಚಬೇಡ ಎಂಬ ಎರಡು ಆಯ್ಕೆಗಳಿಗೆ ಗುರುತು ಹಾಕಿದರೆ ದೋಷದ ಸಂದೇಶ ಕಣ್ಣೆದುರಿಗೇ ಉಳಿಯುತ್ತದೆ. ಹೊಸ ಕಮಾಂಡ್ ಕಟ್ಟುವವರು ಮೊದಲ ದಿನವೇ ಈ ಎರಡು ಗುರುತುಗಳನ್ನು ಹಾಕಿಕೊಳ್ಳುವುದು ಒಳ್ಳೆಯದು.

ಈ ಶ್ರಮವೆಲ್ಲ ನುಡಿ ಕಡತಗಳಿಗಾಗಿ. ಹಳೆಯ ನುಡಿ ಪಠ್ಯವನ್ನು ಸಾಮಾನ್ಯ ಪಠ್ಯ ಸಂಪಾದಕದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಮತ್ತು ನೆತ್ತಿಯ ಮೇಲೆ ಗೆರೆ-ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತದ ಬಗೆಯನ್ನು ಗುರುತಿಸುವ ವ್ಯವಸ್ಥೆ ಹೆಸರಿನ ಎಕ್ಸ್‌ಟೆನ್ಶನ್ ಮತ್ತು ಒಳಗಿನ ಗುರುತು ಎರಡನ್ನೂ ಬಳಸುತ್ತದಾದರೂ ಈ ಪಠ್ಯದಲ್ಲಿ ಹಾಗೆ ಗುರುತಿಸಲು ಏನೂ ಇಲ್ಲದ ಕಾರಣ ಅದನ್ನು ಬರೀ ಪಠ್ಯವೆಂದೇ ತಿಳಿಯುತ್ತದೆ. ಆದ್ದರಿಂದ ಫೈಲ್ ಅಸೋಸಿಯೇಷನ್ಸ್ ಪುಟದಲ್ಲಿ ನಾನು ಒಂದು ಹೊಸ ಬಗೆಯನ್ನೇ ಸೃಷ್ಟಿಸಿ, ಅದಕ್ಕೊಂದು ಎಕ್ಸ್‌ಟೆನ್ಶನ್ ಗೊತ್ತುಮಾಡಿದೆ. ಪೆನ್‌ಡ್ರೈವ್‌ನಿಂದ ನಕಲಿಸಿಕೊಳ್ಳುವಾಗಲೇ ಇಂಥ ಕಡತಗಳಿಗೆ ಆ ಎಕ್ಸ್‌ಟೆನ್ಶನ್ ಕೊಡುತ್ತೇನೆ. ಈಗ ಅವುಗಳನ್ನು ತೆರೆದೊಡನೆ ನನ್ನ ಸ್ಕ್ರಿಪ್ಟ್ ಓಡಿ, ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿ, ಕೇಟ್ ಸಂಪಾದಕದಲ್ಲಿ ತೆರೆಯುತ್ತದೆ. ಲೇಖಕರ ಮೂಲ ಕಡತಕ್ಕೆ ಕೈ ತಾಗುವುದಿಲ್ಲ. ಪರಿವರ್ತನೆಯಲ್ಲಿ ಅರ್ಕಾವೊತ್ತಿನ ಮೇಲೆ ಮಾತ್ರ ಕಣ್ಣಿಟ್ಟಿರಬೇಕು: ‘ಸೂರ್ಯ’ ಎಂಬಲ್ಲಿ ಹಳೆಯ ಪದ್ಧತಿಯಲ್ಲಿ ಯಕಾರದ ನಂತರ ಬರುವ ಗುರುತು ಯೂನಿಕೋಡ್‌ನಲ್ಲಿ ಅದಕ್ಕೂ ಮೊದಲು ಬರಬೇಕು.

ಬಲ ಗುಂಡಿಯ ಪಟ್ಟಿಗೂ ಇದೇ ರೀತಿ ನಮ್ಮ ಕಮಾಂಡ್‌ಗಳನ್ನು ಸೇರಿಸಬಹುದು. ಪಿಡಿಎಫ್ ಮೇಲೆ ಒತ್ತಿದಾಗ ಮಾತ್ರ ‘ಕಪ್ಪುಬಿಳುಪಿಗೆ ತಿರುಗಿಸು’ ಎಂಬ ಸಾಲು ಬರುವಂತೆ ಮಾಡಿಕೊಂಡಿದ್ದೇನೆ. ಹಿಂದೆ ಕೆಲಸ ಮಾಡುವುದು ಪಿಡಿಎಫ್ ಸಂಸ್ಕರಿಸುವ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶ. ಹೆಸರಿನ ಸಾಲಿಗೆ ಕನ್ನಡದ ಭಾಷಾ ಸಂಕೇತ ಸೇರಿಸಿ ಬರೆದರೆ, ಕನ್ನಡದಲ್ಲಿ ಡೆಸ್ಕ್‌ಟಾಪ್ ಬಳಸುವ ಸಹೋದ್ಯೋಗಿಗೆ ಕನ್ನಡದ ಹೆಸರೂ ಇಂಗ್ಲಿಷಿನಲ್ಲಿ ಬಳಸುವವರಿಗೆ ಇಂಗ್ಲಿಷ್ ಹೆಸರೂ ಕಾಣುತ್ತದೆ. ನಮ್ಮ ಭಾಷೆಗೆ ಇಷ್ಟು ಸಹಜವಾಗಿ ಜಾಗ ಕೊಟ್ಟಿರುವುದು ನನಗೆ ಬಹಳ ಹಿಡಿಸಿತು.

ನಮ್ಮ ಆಯ್ಕೆಗಳೆಲ್ಲ ನಮ್ಮ ಹೋಮ್ ಫೋಲ್ಡರಿನಲ್ಲೇ, ಓದಬಹುದಾದ ಪಠ್ಯವಾಗಿ ಉಳಿಯುವುದು ಇನ್ನೊಂದು ದೊಡ್ಡ ಗುಣ. ವಿಂಡೋಸ್ 8ರಿಂದ ಈಚೆಗೆ ಈ ಆಯ್ಕೆಗಳನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಭಂಡಾರ) ಗುಪ್ತ ಮೊಹರಿನೊಂದಿಗೆ ಇಡುವುದರಿಂದ ನಾವು ನೇರವಾಗಿ ತಿದ್ದುವಂತಿಲ್ಲ. ಇಲ್ಲಿ ಮೂರು ಭಾಗಗಳ ಒಂದೇ ಪಟ್ಟಿ: ಮೊದಲ ಆಯ್ಕೆಗಳು, ಸೇರಿಸಿದವು, ತೆಗೆದುಹಾಕಿದವು. ಗ್ನೋಮ್ ಮತ್ತು ಎಕ್ಸ್‌ಎಫ್‌ಸಿಇ ಎಂಬ ಬೇರೆ ಲಿನಕ್ಸ್ ಡೆಸ್ಕ್‌ಟಾಪ್‌ಗಳು ಕೂಡ ಇದೇ ಪಟ್ಟಿಯನ್ನು ಓದುತ್ತವೆ. ಹೊಸ ಯಂತ್ರಕ್ಕೆ ಹೋದಾಗ ಈ ಪಟ್ಟಿಯನ್ನೂ ನಾವು ಬರೆದ ಡೆಸ್ಕ್‌ಟಾಪ್ ಕಡತಗಳನ್ನೂ ಹೊಸ ಬಗೆಯ ವಿವರವನ್ನೂ ಸ್ಕ್ರಿಪ್ಟನ್ನೂ ನಕಲಿಸಿಕೊಂಡರೆ ಹೆಚ್ಚುಕಡಿಮೆ ಎಲ್ಲವೂ ಸಿದ್ಧ.

ಕೊರತೆಗಳೂ ಇವೆ. ಕಮಾಂಡ್ ಸದ್ದಿಲ್ಲದೆ ಸೋತಾಗ ಬಳಕೆದಾರರಿಗೆ ಒಂದು ಮಾತು ತಿಳಿಸುವ ಏರ್ಪಾಡು ಇನ್ನೂ ಗಟ್ಟಿಯಾಗಬೇಕು. ಎಕ್ಸೆಕ್ ಸಾಲಿನಲ್ಲಿ ಡಾಲರ್ ಚಿಹ್ನೆ, ಹಿಮ್ಮುಖ ಗೆರೆ ಬಂದರೆ ಅವುಗಳನ್ನು ವಿಶೇಷ ಆದೇಶವೆಂದು ತಿಳಿಯದೆ ಬರೀ ಅಕ್ಷರವೆಂದೇ ಓದುವಂತೆ, ಎರಡು ಹಂತದಲ್ಲಿ ಮುಂದೆ ಹಿಮ್ಮುಖ ಗೆರೆ ಸೇರಿಸಿ ಬರೆಯಬೇಕು. ಉದ್ಧರಣದೊಳಗೆ ಒಂದು ಹಿಮ್ಮುಖ ಗೆರೆ ಬೇಕಿದ್ದರೆ ನಾಲ್ಕು ಬರೆಯಬೇಕು. ಇದನ್ನು ಯಾರೂ ಊಹಿಸಿ ಕಲಿಯಲಾರರು. ಹೀಗಾಗಿ ಉದ್ದದ ಕಮಾಂಡನ್ನು ಆ ಸಾಲಿನಲ್ಲೇ ತುರುಕದೆ, ಬೇರೆ ಸ್ಕ್ರಿಪ್ಟಿನಲ್ಲಿ ಬರೆದಿಟ್ಟು, ಅದರ ಪೂರ್ಣ ದಾರಿಯನ್ನಷ್ಟೇ ಎಕ್ಸೆಕ್ ಸಾಲಿನಲ್ಲಿ ಕೊಡುವುದು ಕ್ಷೇಮ. ಬಲ ಗುಂಡಿಯ ಪಟ್ಟಿಗೆ ನಾವು ಬರೆದ ಕಡತಗಳಿಗೆ ಓಡಿಸುವ ಅನುಮತಿಯನ್ನೂ ಕೊಡಬೇಕು.

ಒಂದೇ ಬಗೆಯ ಕಡತವನ್ನು ದಿನಕ್ಕೆ ಐವತ್ತು ಸಲ ತೆರೆಯುವ ಅಕ್ಷರ ಜೋಡಣೆಯವರು, ಕರಡು ತಿದ್ದುವವರು, ಹಳೆಯ ಪಠ್ಯಗಳನ್ನು ಯೂನಿಕೋಡ್‌ಗೆ ತರುತ್ತಿರುವವರು ಇದಕ್ಕಾಗಿ ಒಂದು ಭಾನುವಾರ ಎತ್ತಿಡಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಮೊದಲು ಪಿಡಿಎಫ್‌ನಂಥ ಸರಳ ಬಗೆಯಿಂದ ಆರಂಭಿಸಿ, ಆಮೇಲೆ ನುಡಿ ಕಡತಗಳಿಗೆ ಕೈ ಹಾಕಿ.