ಅಮೆರಿಕದ ಕ್ಷಮಾದಾನ ಕಚೇರಿ: ಮುಂಬಾಗಿಲು ಚೆನ್ನಾಗಿದೆ, ತೊಂದರೆ ಹಿಂಬಾಗಿಲಿನದು

ಅಧ್ಯಕ್ಷರ ಕ್ಷಮೆ ಕೋರುವ ಅರ್ಜಿಗಳನ್ನು ಪರಿಶೀಲಿಸುವ, ವಾಷಿಂಗ್ಟನ್ನಿನ ನ್ಯಾಯ ಇಲಾಖೆಯಲ್ಲಿರುವ ಪಾರ್ಡನ್ ಅಟಾರ್ನಿ ಕಚೇರಿ ಜನಸಾಮಾನ್ಯರ ಮಟ್ಟಿಗೆ ಅಚ್ಚುಕಟ್ಟಾದ ಸೇವೆ. ಅರ್ಜಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಪೂರ್ಣ ಕ್ಷಮೆ ಕೇಳುವವರು ಜೈಲಿನಿಂದ ಹೊರಬಂದು 5 ವರ್ಷ ಕಳೆದಿರಬೇಕು. ಜೈಲಿಗೇ ಹೋಗದಿದ್ದರೆ ಅಪರಾಧಿ ಎಂದು ತೀರ್ಮಾನವಾದ ದಿನದಿಂದ ಲೆಕ್ಕ. ಸಂಬಂಧಿಕರಲ್ಲದ ಮೂವರು ನಡತೆಯ ಬಗ್ಗೆ ಪ್ರಮಾಣಪತ್ರ ಬರೆದುಕೊಡಬೇಕು. ಆಮೇಲೆ ಎಫ್‌ಬಿಐ ಹಿನ್ನೆಲೆ ವಿಚಾರಿಸುತ್ತದೆ. ಶಿಕ್ಷೆ ಕಡಿತ ಕೇಳುವುದಾದರೆ ಮೇಲ್ಮನವಿ ಬಾಕಿ ಇರಬಾರದು. ರಾಜ್ಯದ ಕಾನೂನಿನಡಿ ಶಿಕ್ಷೆಯಾದವರು ಇಲ್ಲಿಗೆ ಅರ್ಜಿ ಹಾಕಿದರೆ ವ್ಯರ್ಥ. ಅವರು ಆಯಾ ರಾಜ್ಯಕ್ಕೇ ಮೊರೆಯಿಡಬೇಕು.

ಆದರೆ ಈ ನಿಯಮಗಳೆಲ್ಲ ಅರ್ಜಿದಾರರಿಗೆ ಮಾತ್ರ. ಅಧ್ಯಕ್ಷರನ್ನು ಅವು ಕಟ್ಟಿಹಾಕುವುದಿಲ್ಲ. ಇದರಿಂದ ಏನೇನು ಕೆಡುತ್ತದೆ ಎಂಬುದಕ್ಕೆ ಉಪಾಧ್ಯಕ್ಷ ಡಿಕ್ ಚೆನಿಯವರ ಮುಖ್ಯ ಸಿಬ್ಬಂದಿ ಅಧಿಕಾರಿಯಾಗಿದ್ದ ಸ್ಕೂಟರ್ ಲಿಬ್ಬಿ ಪ್ರಕರಣವನ್ನೇ ನೋಡಬೇಕು. ಸಿಐಎ ಅಧಿಕಾರಿ ವ್ಯಾಲರಿ ಪ್ಲೇಮ್ ಹೆಸರು ಸೋರಿಕೆಯಾದ ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ, ನ್ಯಾಯಕ್ಕೆ ಅಡ್ಡಿಪಡಿಸಿದ್ದಕ್ಕೆ ಅವರಿಗೆ 2007ರ ಜೂನ್‌ನಲ್ಲಿ 30 ತಿಂಗಳ ಜೈಲು, 2.5 ಲಕ್ಷ ಡಾಲರ್ ದಂಡ, ಬಿಡುಗಡೆಯ ನಂತರ 2 ವರ್ಷ ನಿಗಾ ಎಂದು ತೀರ್ಪಾಯಿತು. ಜುಲೈ 2ರಂದು ಮೇಲ್ಮನವಿ ಕೋರ್ಟು ಜಾಮೀನು ನಿರಾಕರಿಸಿತು. ಅದೇ ದಿನ ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಜೈಲುಶಿಕ್ಷೆಯನ್ನು ಪೂರ್ತಿ ತೆಗೆದುಹಾಕಿದರು. ಮೇಲ್ಮನವಿ ಇನ್ನೂ ಬಾಕಿ ಇತ್ತು. ಬೇರೆ ಯಾರೇ ಆಗಿದ್ದರೂ ಅರ್ಜಿ ಕೌಂಟರಿನಲ್ಲೇ ನಿಲ್ಲುತ್ತಿತ್ತು.

ಆತುರದ ಗುರುತು ಆದೇಶದಲ್ಲೇ ಉಳಿಯಿತು. ದಂಡ, ನಿಗಾ ಎರಡೂ ಹಾಗೇ ಇರುತ್ತವೆ ಎಂದು ಅದರಲ್ಲಿತ್ತು. ಕಾನೂನಿನಲ್ಲಿ ಈ ಬಗೆಯ ನಿಗಾ ಶುರುವಾಗುವುದೇ ಜೈಲುವಾಸ ಮುಗಿದ ಮೇಲೆ; ಒಂದು ದಿನವೂ ಒಳಗಿರದವರಿಗೆ ಅದು ಅನ್ವಯಿಸುವುದು ಹೇಗೆ? ನ್ಯಾಯಾಧೀಶ ರೆಗ್ಗಿ ವಾಲ್ಟನ್ ಎರಡೂ ಪಕ್ಷಗಳಿಂದ ಲಿಖಿತ ಉತ್ತರ ಕೇಳಬೇಕಾಯಿತು. ಕಚೇರಿಯ ಪರಿಶೀಲನೆ ಇರುವುದೇ ಇಂಥ ತೊಡಕು ಮೊದಲೇ ಕಣ್ಣಿಗೆ ಬೀಳಲಿ ಎಂದು.

ರಾಜಕೀಯ ಪೆಟ್ಟು ಇನ್ನೂ ದೊಡ್ಡದು. ಶಿಕ್ಷೆ ವಿಪರೀತವಾಯಿತು ಎಂಬುದು ಬುಷ್ ಕೊಟ್ಟ ಕಾರಣ. ಅದಕ್ಕೆ 11 ದಿನ ಮೊದಲು, ಸುಳ್ಳು ಸಾಕ್ಷ್ಯ ನುಡಿದ ಮಾಜಿ ಸೈನಿಕ ವಿಕ್ಟರ್ ರೀಟಾಗೆ ವಿಧಿಸಿದ್ದ 33 ತಿಂಗಳ ಶಿಕ್ಷೆ ಸರಿ ಎಂದು ಅವರದೇ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದಿತ್ತು. ದೇಶದ ವಕೀಲರು ಸುಮ್ಮನಿರಲಿಲ್ಲ: ಲಿಬ್ಬಿಗೆ ಸಿಕ್ಕ ರಿಯಾಯಿತಿ ನಮ್ಮ ಕಕ್ಷಿದಾರರಿಗೂ ಸಿಗಲಿ ಎಂದು ಕೋರ್ಟುಗಳಲ್ಲಿ ಕೇಳತೊಡಗಿದರು. ಜುಲೈ 11ಕ್ಕೆ ಜಾನ್ ಕಾನ್ಯರ್ಸ್ ಅಧ್ಯಕ್ಷತೆಯ ಸಂಸದೀಯ ಸಮಿತಿ ವಿಚಾರಣೆ ನಡೆಸಿತು. ಅತ್ತ ಚೆನಿಗೂ ಸಮಾಧಾನವಾಗಲಿಲ್ಲ. ಅವರು ಕೇಳಿದ್ದು ಪೂರ್ಣ ಕ್ಷಮೆ, ಬುಷ್ ಕೊನೆಯವರೆಗೂ ಕೊಡಲಿಲ್ಲ. ಕೊಟ್ಟವರು ಡೊನಾಲ್ಡ್ ಟ್ರಂಪ್, 2018ರ ಏಪ್ರಿಲ್ 13ರಂದು. ಆಗ ಟ್ರಂಪ್ ಸುತ್ತಲೇ, 2016ರ ಚುನಾವಣೆಯಲ್ಲಿ ರಷ್ಯಾದ ಕೈವಾಡದ ಬಗ್ಗೆ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ಅವರ ತನಿಖೆ ನಡೆಯುತ್ತಿತ್ತು. ಬಾಯಿ ಬಿಡದಿದ್ದರೆ ಕೈಬಿಡುವುದಿಲ್ಲ ಎಂದು ತಮ್ಮವರಿಗೆ ಕೊಟ್ಟ ಸೂಚನೆಯಿದು ಎಂದೇ ವಿರೋಧಿಗಳು ಓದಿಕೊಂಡರು. ಹಾಗೆ ಓದಿಕೊಳ್ಳಲು ಅವಕಾಶ ಕೊಟ್ಟಿದ್ದೇ ದೊಡ್ಡ ತಪ್ಪು.

ಶಿಫಾರಸು ಇಲ್ಲದವರಿಗೆ ಈಗಲೂ ಮುಂಬಾಗಿಲೇ ದಾರಿ. ಅರ್ಜಿಯಲ್ಲಿ ಅಪರಾಧವನ್ನು ಕಿರಿದು ಮಾಡಿ ಬರೆಯಬೇಡಿ. ತಪ್ಪೊಪ್ಪಿಕೊಂಡಿದ್ದಾರೆಯೇ ಎಂಬುದನ್ನು ಕಚೇರಿ ಮುಖ್ಯವಾಗಿ ನೋಡುತ್ತದೆ. ತಿರಸ್ಕೃತವಾದರೆ ಮೇಲ್ಮನವಿಯಿಲ್ಲ. ಪೂರ್ಣ ಕ್ಷಮೆಗಾದರೆ 2 ವರ್ಷ, ಶಿಕ್ಷೆ ಕಡಿತಕ್ಕಾದರೆ 1 ವರ್ಷ ಬಿಟ್ಟು ಮತ್ತೆ ಹಾಕಬಹುದು.