ಮಂಗಳೂರಿನಲ್ಲಿ ಕಡಲಿಗಾಗಿ ತಂಗುವುದಾದರೆ ಸುರತ್ಕಲ್

ಮಂಗಳೂರಿಗೆ ಮೊದಲ ಬಾರಿ ಬರುವವರು ಪೇಟೆಯ ನಡುವಿನ ಹಂಪನಕಟ್ಟೆಯಲ್ಲಿ ಕೋಣೆ ಹಿಡಿದರೆ ಬೆಳಗ್ಗೆ ಎದ್ದು ಕಡಲತೀರಕ್ಕೆ ನಡೆದೇ ಹೋಗಬಹುದೆಂದು ಭಾವಿಸುವುದುಂಟು. ನಾವೂ ಹಾಗೆಯೇ ಭಾವಿಸಿದ್ದೆವು. ಆದರೆ ಪೇಟೆಯ ಪಶ್ಚಿಮಕ್ಕೆ ಮೊದಲು ಸಿಗುವುದು ಹಳೇ ಬಂದರು ಮತ್ತು ಗುರುಪುರ ನದಿ. ನದಿಯ ಆಚೆ ಬೆಂಗ್ರೆ, ತಣ್ಣೀರುಬಾವಿಗಳ ಮರಳಿನ ಪಟ್ಟಿಯಿದ್ದು, ಅದನ್ನು ದಾಟಿದ ಮೇಲೆಯೇ ಸಮುದ್ರ. ಎರಡು ರಾತ್ರಿ ಹಂಪನಕಟ್ಟೆಯಲ್ಲಿ ಕಳೆದು, ಉಳಿದ ಎರಡಕ್ಕೆ ನಾವು ಪೇಟೆಯ ಉತ್ತರಕ್ಕಿರುವ ಸುರತ್ಕಲ್‌ಗೆ ಹೋದೆವು.

ಕಡಲೇ ಮುಖ್ಯವೆನ್ನುವವರಿಗೆ ಸುರತ್ಕಲ್ ಸರಿಯಾದ ಆಯ್ಕೆ. ದೀಪಸ್ತಂಭ, ದಡಕ್ಕೆ ಹತ್ತಿರವೇ ಇರುವ ಸದಾಶಿವ ದೇವಸ್ಥಾನ, ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಬೀಚು ಎಲ್ಲವೂ ರಾಷ್ಟ್ರೀಯ ಹೆದ್ದಾರಿ 66ರ ಒಂದೇ ಮಗ್ಗುಲಲ್ಲಿವೆ. ಬೆಳಗ್ಗೆ ಆರೂವರೆಗೆ ಮರಳಿನ ಮೇಲೆ ನಮ್ಮ ಹೆಜ್ಜೆಗಳಷ್ಟೇ ಇದ್ದವು. ವಿದ್ಯಾರ್ಥಿಗಳ ಊರಾದ್ದರಿಂದ ಊಟ ದುಬಾರಿಯಲ್ಲ. ದೂರು ಒಂದೇ: ‘ಕಡಲ ನೋಟ’ ಎಂದು ಹೇಳಿ ಕೊಟ್ಟ ಕೋಣೆಯ ಕಿಟಕಿ ಹೆದ್ದಾರಿಯತ್ತ ಇತ್ತು, ರಾತ್ರಿಯಿಡೀ ಲಾರಿಗಳ ಸದ್ದು. ಹಣ ಕೊಡುವ ಮುನ್ನ ಕಿಟಕಿ ಯಾವ ದಿಕ್ಕಿಗಿದೆಯೆಂದು ಕೇಳಿಕೊಳ್ಳಿ.

ಪಣಂಬೂರಿನ ಬೀಚು ಸಂಜೆಗೆ ಚೆನ್ನ, ವಾಸಕ್ಕಲ್ಲ. ನವಮಂಗಳೂರು ಬಂದರು, ರಸಗೊಬ್ಬರ ಕಾರ್ಖಾನೆ, ಬೈಕಂಪಾಡಿಯ ಕೈಗಾರಿಕಾ ಪ್ರದೇಶ ಎಲ್ಲವೂ ಅದರ ಆಸುಪಾಸಿನಲ್ಲೇ ಇವೆ. ನೇತ್ರಾವತಿಯ ಆಚೆ ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳೇ ಹಲವೆಡೆ ದಡವಾಗಿರುವುದರಿಂದ, ಸೋಮೇಶ್ವರ ದೇವಸ್ಥಾನಕ್ಕೂ ದರ್ಗಾಕ್ಕೂ ಹೋಗಿ ಬಂದರೆ ಸಾಕೆನಿಸಿತು.

ಹಾಗೆಂದು ಹಂಪನಕಟ್ಟೆಯನ್ನು ತಳ್ಳಿಹಾಕುವಂತಿಲ್ಲ. ಸೆಂಟ್ರಲ್ ರೈಲು ನಿಲ್ದಾಣ ಹತ್ತಿರ. ನೀರುದೋಸೆ, ಕೋರಿರೊಟ್ಟಿ, ಗೋಳಿಬಜೆಗಳಿಗೆ ಅಲೆಯಬೇಕಿಲ್ಲ, ಗಡ್‌ಬಡ್ ಐಸ್‌ಕ್ರೀಮಿಗಂತೂ ನಮ್ಮ ಮಗಳು ಎರಡು ದಿನವೂ ಹಟ ಹಿಡಿದಳು. ಸುಲ್ತಾನ್ ಬತ್ತೇರಿಯವರೆಗೆ ಆಟೋದಲ್ಲಿ ಹೋಗಿ, ದೋಣಿಯಲ್ಲಿ ಕೆಲವೇ ನಿಮಿಷಗಳಲ್ಲಿ ನದಿ ದಾಟಿದರೆ ತಣ್ಣೀರುಬಾವಿಯ ಮರಗಳ ನೆರಳು ಸಿಗುತ್ತದೆ. ಸುರತ್ಕಲ್‌ನಿಂದ ಪೇಟೆಗೆ ಬರಲು ‘ಸ್ಟೇಟ್ ಬ್ಯಾಂಕ್’ ಎಂದು ಕೂಗುವ ಬಸ್ ಹತ್ತಬೇಕು (ಬ್ಯಾಂಕಿನ ಹೆಸರೇ ಇಲ್ಲಿ ನಿಲ್ದಾಣದ ಹೆಸರಾಗಿದೆ). ಕೂಳೂರು ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿ ನಿಂತರೆ ಒಂದು ಗಂಟೆಯೂ ಹಿಡಿಯಬಹುದು.

ನಾವು ಹೋದದ್ದು ಡಿಸೆಂಬರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಪ್ರಕ್ಷುಬ್ಧವಾಗಿರುವುದರಿಂದ ನೀರಿಗಿಳಿಯುವ ಮಾತೇ ಇಲ್ಲ. ಆ ತಿಂಗಳುಗಳಲ್ಲಿ ಬರುವವರು ಹಂಪನಕಟ್ಟೆಯಲ್ಲೋ ಪೇಟೆಯೊಳಗೇ ಇರುವ ಕದ್ರಿಯಲ್ಲೋ ಕೋಣೆ ಹಿಡಿಯುವುದೇ ಮೇಲು.